ಪದ ಬೇಕು, ತುರ್ತು: ಕಸಿ ಆದವರ ಶ್ವಾಸಕೋಶಕ್ಕೆ ಹಿಡಿಯುವ ಬೂಷ್ಟು

ಸಂಜೆಯೊಳಗೆ ಒಂದು ಪದ ಬೇಕು. ಕಿಡ್ನಿ ಕಸಿ ಮಾಡಿಸಿಕೊಂಡು ಮನೆಗೆ ಹೊರಟವರಿಗೆ ಕೊಡುವ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಇನ್ವೇಸಿವ್ ಆಸ್ಪರ್ಜಿಲೋಸಿಸ್' ಎಂಬಲ್ಲಿ ಸಿಕ್ಕಿಕೊಂಡೆ, ಅಂದರೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಶ್ವಾಸಕೋಶದ ಒಳಕ್ಕೆ ಇಳಿದು ಬರುವ ರೋಗ. ಯಂತ್ರಾನುವಾದ 'ಆಕ್ರಮಣಕಾರಿ' ಎನ್ನುತ್ತದೆ, ದಂಡು ಬಂದ ಹಾಗೆ. 'ಶಿಲೀಂಧ್ರ' ಹಾಕೋಣವೆಂದರೆ 2021ರ 'ಕಪ್ಪು ಶಿಲೀಂಧ್ರ' ನೆನಪಾಗುತ್ತದೆ. ಅದು ಮ್ಯೂಕರ್ ಎಂಬ ಇನ್ನೊಂದು ಶಿಲೀಂಧ್ರದ್ದು, ಬೇರೆ ರೋಗ. ಆಸ್ಪರ್ಜಿಲಸ್‌ಗೆ ಮೊದಲು ಕೊಡುವ ಔಷಧ ವೊರಿಕೊನಝೋಲ್ ಮ್ಯೂಕರ್‌ಗೆ ನಾಟುವುದಿಲ್ಲ.

ಮರು: ಬೂಷ್ಟು. ಮಳೆಗಾಲದ ಚಪ್ಪಲಿ, ಹಳೇ ರೊಟ್ಟಿ, ನೆಂದ ಹುಲ್ಲು, ಎಲ್ಲದಕ್ಕೂ ಇದೇ ಪದ. ತಿಪ್ಪೆಯಿಂದ, ಹಳೇ ಗೋಡೆ ಒಡೆಯುವ ಧೂಳಿನಿಂದ ಯಾಕೆ ದೂರ ಇರಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇದರಲ್ಲಿ ಚರ್ಚೆ ಏನಿದೆ?

ಮರು: ನಾನು ಅಡಿಕೆ ಸೀಮೆಯವನು. ನಮ್ಮ 'ಕೊಳೆರೋಗ' ಲ್ಯಾಟಿನ್ ಹೆಸರಿನಲ್ಲೇ ಹೋಗಿ ಕೂತಿದೆ. ಕಾಫಿಯ ಕೊಳೆಗೆ 'ಪೆಲ್ಲಿಕ್ಯುಲೇರಿಯ ಕೊಲೆರೋಗ' ಅಂತ ಇಟ್ಟಿದ್ದರು. ಅಲ್ಲಿ ಳ ಹೋಗಿ ಲ ಆಗಿದೆ, ಇರಲಿ. ನಮ್ಮಿಂದ ಅವರು ಪದ ಒಯ್ದಿರುವಾಗ ನಾವು ಸಂಸ್ಕೃತದ ಬಾಗಿಲಿಗೆ ಯಾಕೆ ಹೋಗಬೇಕು? 'ಶ್ವಾಸಕೋಶದ ಕೊಳೆ' ಎನ್ನಿ.

ಮರು: ರಾಯರೇ, ರೋಗಿಗೆ 'ನಿಮ್ಮ ಶ್ವಾಸಕೋಶ ಕೊಳೆತಿದೆ' ಎಂದು ಬರೆದು ಕೊಡುತ್ತೀರಾ? ಅಡಿಕೆಯ ಕೊಳೆ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯದ್ದು. ಅದನ್ನು ಈಗ ಶಿಲೀಂಧ್ರ ಅಂತಲೇ ಎಣಿಸುವುದಿಲ್ಲ. 'ಕೊಳೆರೋಗ'ದಲ್ಲಿ ಅರ್ಧ ಸಂಸ್ಕೃತ ಇರುವುದನ್ನೂ ನೋಡಿ. ಆಸ್ಪರ್ಜಿಲಸ್ ಹಾಗೇ ಇರಲಿ. 1729ರಲ್ಲಿ ಇಟಲಿಯ ಮಿಕೇಲಿ ಇಟ್ಟ ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇಗರ್ಜಿಯಲ್ಲಿ ತೀರ್ಥ ಚಿಮುಕಿಸುವ ಕೋಲಿನ ಹಾಗೆ ಕಂಡಿತಂತೆ.

ಮರು: ಹಾಗಾದರೆ 'ತೀರ್ಥಬೂಷ್ಟು'. ಸುಮ್ನೆ ಹೇಳಿದೆ.

ಮರು: ಕೇಳಿದವಳು ನಾನೇ. 'ಶ್ವಾಸಕೋಶದ ಒಳಕ್ಕೆ ಇಳಿಯುವ ಬೂಷ್ಟು ಸೋಂಕು, ಡಾಕ್ಟರ ಮಾತಲ್ಲಿ ಆಸ್ಪರ್ಜಿಲೋಸಿಸ್' ಎಂದು ಹಾಕಿದೆ. ಇದಕ್ಕಿಂತ ಜಾಸ್ತಿ ಕಾಡಿದ್ದು 'ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ'. ಓದಿ ಹೆದರಿ ಮಾತ್ರೆ ಬಿಟ್ಟರೆ ಕಸಿ ಮಾಡಿದ ಕಿಡ್ನಿಯೇ ಹೋಗಬಹುದು. 'ಹೊಸ ಕಿಡ್ನಿಯನ್ನು ಮೈ ತಳ್ಳಿಹಾಕದಂತೆ ಕಾಯುವ ಮಾತ್ರೆ' ಎಂದು ಬರೆದೆ. ವೊರಿಕೊನಝೋಲ್ ಶುರುವಾದರೆ ಇಂಥ ಮಾತ್ರೆಗಳಲ್ಲೊಂದಾದ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರುತ್ತದೆ. ಅದಕ್ಕೇ ಡಾಕ್ಟರು ಟ್ಯಾಕ್ರೊಲಿಮಸ್ ಅಳತೆಯನ್ನು ಸುಮಾರು ಮೂರನೇ ಒಂದು ಪಾಲಿಗೆ ಇಳಿಸುತ್ತಾರೆ. 'ನೀವಾಗಿಯೇ ಹಳೇ ಅಳತೆಗೆ ಹೋಗಬೇಡಿ' ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೇನೆ. ಚೀಟಿ ಅಚ್ಚಿಗೆ ಹೋಯಿತು.

ಮರು: 'ಶ್ವಾಸಕೋಶ' ಹಾಗೇ ಉಳಿಸಿದಿರಲ್ಲ ಮೇಡಂ. 'ಉಸಿರುಚೀಲ'ಕ್ಕೆ ಏನಾಗಿತ್ತು?