ಹೈಟಿಯ ಮಿರಿಯಂ ಮೆರ್ಲೆ ಬಗ್ಗೆ ಯಾರಿಗಾದರೂ ಗೊತ್ತಾ?

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ, ಧಾರವಾಡ
ಸೆಮಿನಾರಿಗೆ 2010ರ ಹೈಟಿ ಭೂಕಂಪ ತಗೊಂಡಿದ್ದೇನೆ. ಎಲ್ಲಿ ಓದಿದರೂ ಸತ್ತವರ ಲೆಕ್ಕ, ಕುಸಿದ ಕಟ್ಟಡಗಳ ಲೆಕ್ಕ. ನಡುವೆ ಒಂದೇ ಸಾಲಿನಲ್ಲಿ ಈ ಹೆಸರು ಬರುತ್ತದೆ. ಇವರು ಮಾಡಿದ ಕೆಲಸ ಏನು?

ನಿವೃತ್ತ ಆಪ್ತಸಮಾಲೋಚಕಿ, ಹುಬ್ಬಳ್ಳಿ
ಒಳ್ಳೆ ಹೆಸರು ಹಿಡಿದಿದ್ದೀಯ ತಂಗಿ. 70ರ ದಶಕದಲ್ಲಿ ದೇಶ ಬಿಟ್ಟು ಹೋದಾಕೆ ಕೆನಡಾದಲ್ಲಿ ಅರ್ಥಶಾಸ್ತ್ರ, ಮಹಿಳಾ ಅಧ್ಯಯನ, ರಾಜಕೀಯ ಸಮಾಜಶಾಸ್ತ್ರ ಓದಿ, 80ರ ದಶಕದಲ್ಲಿ ವಾಪಸ್ ಬಂದರು. ಆಮೇಲೆ ಮಹಿಳಾ ಸಚಿವಾಲಯದಲ್ಲಿ ಚೀಫ್ ಆಫ್ ಸ್ಟಾಫ್, ಅಂದರೆ ಸಚಿವರ ಕಚೇರಿಯ ಮುಖ್ಯಸ್ಥೆಯಾಗಿ ಕೆಲಸ ಮಾಡಿದರು.

ಮುಖ್ಯ ವಿಷಯ ಕಾನೂನಿನದು. 2005ರವರೆಗೆ ಅಲ್ಲಿ ಅತ್ಯಾಚಾರವನ್ನು ಮಾನಕ್ಕೆ ಸಂಬಂಧಿಸಿದ ಅಪರಾಧ ಅಂತಲೇ ಎಣಿಸುತ್ತಿದ್ದರು. ಅದನ್ನು ಬದಲಿಸಲು ಹೋರಾಡಿದವರಲ್ಲಿ ಇವರೂ ಒಬ್ಬರು. ಸಾಂತ್ವನ ಕೇಂದ್ರದಲ್ಲಿ ಕೂತವಳಿಗೆ ಇದರ ತೂಕ ಗೊತ್ತು: ಹುಡುಗಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾಳೆ, ದೊಡ್ಡಪ್ಪ ಮುಂದೆ ಬಂದು 'ಮನೆತನದ ಮರ್ಯಾದೆ ಮೇಡಂ, ರಾಜಿ ಮಾಡಿಸಿ' ಅಂತಾನೆ. ಕಾನೂನೂ ಆ ದೊಡ್ಡಪ್ಪನ ಮಾತನ್ನೇ ಆಡಿದರೆ ಹುಡುಗಿ ಎಲ್ಲಿಗೆ ಹೋಗಬೇಕು?

ಹೆಣ್ಣುಮಕ್ಕಳ ಕುರಿತ ಮಾಹಿತಿಗಾಗಿ 'ಎನ್ಫೊಫಾನ್' ಎಂಬ ಸಂಸ್ಥೆ ಕಟ್ಟಿದವರಲ್ಲಿ ಇವರೂ ಒಬ್ಬರು. ಬೀದಿಗಳಿಗೆ ಹೈಟಿಯ ಹೆಣ್ಣುಮಕ್ಕಳ ಹೆಸರಿಡಿಸಲು ಪ್ರಯತ್ನಿಸಿದರು. (ನಮ್ಮಲ್ಲಿ ಚೆನ್ನಮ್ಮ ಸರ್ಕಲ್ ದಾಟಿದರೆ ಮುಂದಿನ ಹೆಸರು ನೆನಪಿಗೆ ಬರೋಕೆ ತಡಕಾಡಬೇಕು, ಅದು ಬೇರೆ ಮಾತು.)

ಮೈಸೂರಿನ ಓದುಗ
ಅವರು ಹೋರಾಟಗಾರ್ತಿ ಅಲ್ವಾ? ಸಂಶೋಧಕಿ ಅಂತ ಹಾಕಿದರೆ ಗೈಡ್ ಒಪ್ಪುತ್ತಾರಾ?

ನಿವೃತ್ತ ಆಪ್ತಸಮಾಲೋಚಕಿ, ಹುಬ್ಬಳ್ಳಿ
ಎರಡೂ ಹಾಕಲಿ. ಓದಿದ್ದನ್ನು ಸರ್ಕಾರದ ಕಡತಕ್ಕೆ ಇಳಿಸಿದವರು ಅವರು.

ಇನ್ನೊಂದು: ಜನವರಿ 12ರ ಸಂಜೆ 7.0 ತೀವ್ರತೆಯ ಕಂಪನಕ್ಕೆ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನಲ್ಲಿ ಬಹುತೇಕ ಸಚಿವಾಲಯಗಳ ಕಟ್ಟಡಗಳೇ ಉರುಳಿದವು. ಅದೇ ದಿನ ಮೆರ್ಲೆ ತೀರಿಕೊಂಡರು; ಮಹಿಳಾ ಸಂಘಟನೆಗಳಾದ ಕಾಯ್ ಫಾನ್‌ನ ಮಗಾಲಿ ಮಾರ್ಸೆಲಿನ್, ಸೋಫಾದ ಆನ್ ಮರಿ ಕೊರಿಯೊಲಾನ್ ಕೂಡ ಹೋದರು. ಆಮೇಲೆ ಲಕ್ಷಾಂತರ ಜನ ಡೇರೆಗಳಲ್ಲಿ. ರಾತ್ರಿ ದೀಪವಿಲ್ಲ, ಬಾಗಿಲಿಗೆ ಚಿಲಕವಿಲ್ಲ. ಮೊದಲ 150 ದಿನಗಳಲ್ಲೇ 250ಕ್ಕೂ ಹೆಚ್ಚು ಅತ್ಯಾಚಾರಗಳು ವರದಿಯಾದವು ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಬರೆಯಿತು. ಡೇರೆ ಎಲ್ಲಿ ಹಾಕಬೇಕು, ಶೌಚಾಲಯ ಎಷ್ಟು ದೂರ ಇರಬೇಕು, ದೂರು ಯಾರು ಬರೆದುಕೊಳ್ಳಬೇಕು ಅಂತ ಅಧಿಕಾರಿಗಳ ಮೇಜು ಗುದ್ದಿ ಕೇಳಬೇಕಾದವರೇ ಇಲ್ಲವಾಗಿದ್ದರು. ಪಟ್ಟಿಯಲ್ಲಿ ಹೆಸರು ಸೇರಿಸಿ ಕೈತೊಳೆದುಕೊಳ್ಳಬೇಡ, ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡು.

ಎಂಎಸ್‌ಡಬ್ಲ್ಯೂ ವಿದ್ಯಾರ್ಥಿನಿ, ಧಾರವಾಡ
ಥ್ಯಾಂಕ್ಸ್ ಅಕ್ಕಾ. ಅಲ್ಲಿನ ಅಧ್ಯಕ್ಷರ ಅರಮನೆ ಕುಸಿದ ಫೋಟೋ ತೆಗೆದು ಆ ಜಾಗಕ್ಕೆ 2005ರ ಕಾನೂನು ಹಾಕ್ತೀನಿ. ಡೇರೆಗಳ ಬಗ್ಗೆ ಓದೋಕೆ ಇವತ್ತೇ ಶುರು ಮಾಡ್ತೀನಿ.