ಪದಚರ್ಚೆ: ಥಿಯಾಲಜಿಯ ಕವಲುಗಳಿಗೆ ಕನ್ನಡ ಪದ ಬೇಕು (ಬಾಗಿಲ ಬೋರ್ಡಿಗೆ, ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಥಿಯಾಲಜಿ (ದೇವರು, ನಂಬಿಕೆಗಳ ಬಗೆಗಿನ ಓದು) ವಿಭಾಗದ ಬಾಗಿಲುಗಳಿಗೆ ಕನ್ನಡ ಬೋರ್ಡು ಆಗಬೇಕಂತೆ. ಕೆಲಸ ನನ್ನ ತಲೆಗೆ ಬಂದಿದೆ. ನಾಳೆ ಬೆಳಗ್ಗೆ ಬೋರ್ಡಿನವರಿಗೆ ಕೊಡಬೇಕು. ನಾಲ್ಕು ಬಾಗಿಲು: ಸಿಸ್ಟಮ್ಯಾಟಿಕ್, ಪ್ರಾಕ್ಟಿಕಲ್, ಪಬ್ಲಿಕ್, ಅಪಾಲಜೆಟಿಕ್ಸ್. ಮೂಲಪದಕ್ಕೆ ದೇವತಾಶಾಸ್ತ್ರ, ದೈವಶಾಸ್ತ್ರ, ದೇವಶಾಸ್ತ್ರ ಮೂರನ್ನೂ ನೋಡಿದ್ದೇನೆ. ಯಾವುದು ಸರಿ? ನನಗೆ ಬಂದ ಕರಡಿನಲ್ಲಿ ಕೊನೆಯ ಬಾಗಿಲಿಗೆ 'ಕ್ಷಮಾಯಾಚನಾ ಶಾಸ್ತ್ರ' ಎಂದಿದೆ. ನಗಬೇಡಿ, ಸಹಾಯ ಮಾಡಿ.

---

ದೇವಶಾಸ್ತ್ರ ಸಾಕು. ಥಿಯಾಲಜಿಯೊಳಗಿನ ಗ್ರೀಕ್ ಪದ ಥಿಯೋಸ್ (ದೇವರು), ನಮ್ಮ ದೇವ, ಎರಡೂ ಒಂದೇ ಬೇರಿನವು. ಮುಗೀತು.

---

> ಎರಡೂ ಒಂದೇ ಬೇರಿನವು

ಅಲ್ಲ. ದೇವ ಪದದ ನೆಂಟರು ಲ್ಯಾಟಿನ್ನಿನ ದೇವುಸ್ ಮತ್ತು ಗ್ರೀಕರ ದೇವರಾಜ ಜೀಯಸ್. ಥಿಯೋಸ್ ಬೇರೆ ಮನೆಯದು. ಕಿವಿಗೆ ಹತ್ತಿರ ಕೇಳಿಸಿದ್ದೆಲ್ಲ ಸಂಬಂಧ ಆಗುವುದಿಲ್ಲ.

ಆದರೂ ದೇವಶಾಸ್ತ್ರವೇ ಇರಲಿ. ದೈವ ಎಂದರೆ ನಮಗೆ ಹಣೆಬರಹ ಕೂಡ. ದೇವತಾಶಾಸ್ತ್ರ ಪುರಾಣದ ಕಡೆ ಎಳೆಯುತ್ತದೆ. ಯಾರಾದರೂ ಧರ್ಮಶಾಸ್ತ್ರ ಎನ್ನುವ ಮುಂಚೆ ನಾನೇ ಹೇಳಿಬಿಡುತ್ತೇನೆ: ಬೇಡ. ಅದು ಸ್ಮೃತಿಗಳಿಗೆ ಮೀಸಲು, ಕನ್ನಡ ಬೈಬಲ್ಲಿನಲ್ಲಿ ಮೋಶೆಯ ಕಟ್ಟಳೆಗೂ ಅದೇ ಹೆಸರು.

ಅಪಾಲಜೆಟಿಕ್ಸ್ ಎಂದರೆ ನಂಬಿಕೆಯ ಪರವಾಗಿ ವಾದಿಸುವುದು. ಅದರ ಮೂಲ, ಗ್ರೀಕಿನ ಅಪೊಲೊಗಿಯ ಎಂದರೆ ಆರೋಪ ಹೊತ್ತವನು ನ್ಯಾಯಸಭೆಯಲ್ಲಿ ಕೊಡುವ ಉತ್ತರ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್ ಅಥೆನ್ಸಿನಲ್ಲಿ ಕೊಟ್ಟದ್ದು ಅದನ್ನೇ. ಕ್ಷಮೆಯ ಮಾತೇ ಇಲ್ಲ. 'ಮತಸಮರ್ಥನೆ' ಎಂದು ಬರೆಯಿರಿ.

---

ಮತ್ತದೇ ಶಾಸ್ತ್ರ! ಶಾಸ್ತ್ರ ಎಂದರೆ ಜನಕ್ಕೆ ನೆನಪಾಗುವುದು ಕಣಿ ಕೇಳುವುದು, ಇಲ್ಲವೇ 'ಶಾಸ್ತ್ರಕ್ಕೆ ಮಾಡಿ ಮುಗಿಸಿದರು' ಅನ್ನೋ ಮಾತು. 'ದೇವರರಿಮೆ' ಎನ್ನಿ. ಭಾಷಾಶಾಸ್ತ್ರಕ್ಕೆ ನುಡಿಯರಿಮೆ ಇಲ್ಲವೇ? ಕನ್ನಡಕ್ಕೆ ಕನ್ನಡದ್ದೇ ಬೇಕು.

---

ಸ್ವಾಮಿ, 'ದೇವರು' ಯಾವ ಕನ್ನಡ ಬೇರಿನಿಂದ ಬಂದದ್ದು? ಅರ್ಧ ಮಡಿ, ಅರ್ಧ ಮೈಲಿಗೆ.

---

ಇಷ್ಟೆಲ್ಲ ಯಾಕೆ? ಬಸ್ಸು, ಬ್ಯಾಂಕು ಇದ್ದ ಹಾಗೆ ಥಿಯಾಲಜಿ ಎಂದೇ ಇಡಿ. ಸುಮ್ನೆ ತಲೆನೋವು.

---

ಬಸ್ಸಿಗೆ ಮಕ್ಕಳಾಗಬೇಕಿಲ್ಲ, ಈ ಪದಕ್ಕೆ ಆಗಬೇಕು. ದೇವಶಾಸ್ತ್ರಜ್ಞ, ದೇವಶಾಸ್ತ್ರೀಯ ಎಂದು ಮುಂದೆ ಹೋಗಬಹುದು. ಥಿಯಾಲಜಿ ಅಲ್ಲೇ ನಿಲ್ಲುತ್ತದೆ. ಎರವಲು ಬೇಡ ಎನ್ನುತ್ತಿಲ್ಲ, ಇಲ್ಲಿ ಅದು ಕೆಲಸ ಮಾಡುವುದಿಲ್ಲ ಅಷ್ಟೆ.

ನಾನು ಈ ವಿಷಯ ಓದಿದವಳು. ಬಾಗಿಲ ಹಿಂದೆ ಏನು ನಡೆಯುತ್ತದೆ ಎಂದು ಯಾರೂ ಕೇಳಲೇ ಇಲ್ಲ. ಸಿಸ್ಟಮ್ಯಾಟಿಕ್ ಎಂದರೆ ಸೃಷ್ಟಿ, ಪಾಪ, ಮುಕ್ತಿ ಮುಂತಾದ ಬೋಧನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಜೋಡಿಸಿ ನೋಡುವುದು. 'ವ್ಯವಸ್ಥಿತ' ಎಂದರೆ ಪಕ್ಕದ ಕೋಣೆಯವರದು ಅವ್ಯವಸ್ಥಿತವೇ? 'ಸಿದ್ಧಾಂತ' ಸಾಕು.

ಪ್ರಾಕ್ಟಿಕಲ್ಲಿಗೆ 'ಪ್ರಾಯೋಗಿಕ' ಬೇಡವೇ ಬೇಡ. ನಮ್ಮ ತರಗತಿಯಲ್ಲಿ ಒಬ್ಬ ಬೆಂಚಿನ ಮೇಲೆ ಸಾಯುವ ರೋಗಿಯಂತೆ ಮಲಗುತ್ತಿದ್ದ. ಇನ್ನೊಬ್ಬ ಪಕ್ಕದಲ್ಲಿ ಕೂರಬೇಕು. ಮೇಷ್ಟ್ರು ಹಿಂದೆ ನಿಂತು, ಕೂತವನು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಇರಬಲ್ಲ ಎಂದು ನೋಡುತ್ತಿದ್ದರು. ನಾನು ಅರ್ಧ ನಿಮಿಷಕ್ಕೇ ಬೈಬಲ್ ವಚನ ಹೇಳಲು ಶುರುಮಾಡಿದೆ. ಬೆಂಚಿನ ಮೇಲಿದ್ದವನು ಕಣ್ಣುಬಿಟ್ಟು, "ನೀರು ಬೇಕಿತ್ತು" ಅಂದ. ಇದು ಲ್ಯಾಬಿನ ಪ್ರಯೋಗವಲ್ಲ. 1811ರಲ್ಲಿ ಜರ್ಮನ್ ದೇವಶಾಸ್ತ್ರಜ್ಞ ಷ್ಲಯರ್ಮಾಕರ್ ಇಡೀ ಓದನ್ನು ಮರಕ್ಕೆ ಹೋಲಿಸಿ, ತತ್ವ ಬೇರು, ಇತಿಹಾಸ ಬೊಡ್ಡೆ, ಈ ಕವಲೇ ನೆತ್ತಿ ಎಂದಿದ್ದ. 'ಸೇವಾ ದೇವಶಾಸ್ತ್ರ' ಎನ್ನಿ.

ಪಬ್ಲಿಕ್ ಇವುಗಳಲ್ಲಿ ಹೊಸದು. ಅಮೆರಿಕದ ಧರ್ಮ ಇತಿಹಾಸಕಾರ ಮಾರ್ಟಿನ್ ಮಾರ್ಟಿ 1974ರಲ್ಲಿ ಬಳಸಿದ ಮೇಲೆ ಓಡಾಡಿದ ಹೆಸರು. ಬಡತನ, ಯುದ್ಧ, ಕಾನೂನಿನ ಬಗ್ಗೆ, ಆ ನಂಬಿಕೆ ಇಲ್ಲದವರಿಗೂ ಅರ್ಥವಾಗುವ ಮಾತಿನಲ್ಲಿ ವಾದಿಸಬೇಕು. 'ಸಾರ್ವಜನಿಕ' ಎಂದು ಬೋರ್ಡು ಹಾಕಿದರೆ ಮುಂದಿನ ಪದ ಶೌಚಾಲಯವೋ ಗ್ರಂಥಾಲಯವೋ ಎಂದು ಕಣ್ಣು ಹುಡುಕುತ್ತದೆ. 'ಸಮಾಜಮುಖಿ' ಆಗಬಹುದೇನೋ.

---

ಸಮಾಜಮುಖಿ ಎಂದರೆ ಉಳಿದವು ಗೋಡೆಮುಖಿಯೇ? ಮೇಡಂ, 'ವ್ಯವಸ್ಥಿತ'ಕ್ಕೆ ನೀವು ಎತ್ತಿದ ತಕರಾರೇ ಇಲ್ಲೂ ಇದೆ, ಅಲ್ವಾ?

---

ಇದೆ. ಒಪ್ಪಿದೆ. ನಾಳೆ ಬೆಳಗ್ಗೆಯೊಳಗೆ ಇದಕ್ಕಿಂತ ಒಳ್ಳೆಯದು ಇದ್ದರೆ ಕೊಡಿ.

---

ಎಲ್ಲರಿಗೂ ಥ್ಯಾಂಕ್ಸ್. ಸಿದ್ಧಾಂತ, ಸೇವೆ, ಸಮಾಜಮುಖಿ, ಮತಸಮರ್ಥನೆ ಎಂದು ಕೊಟ್ಟೆ. ಈಗಷ್ಟೇ ಬೋರ್ಡಿನವರ ಫೋನು: "ಮೇಡಂ, ಕೊನೇದು ವೋಟಿಂದಾ? ಎಲೆಕ್ಷನ್ ಆಫೀಸಾ?" ಒಂದು ಗಂಟೆ ಟೈಮಿದೆ.

---

'ನಂಬಿಕೆಯ ಸಮರ್ಥನೆ'. ಮತ ಪದಕ್ಕೆ ಎರಡು ಅರ್ಥ ಇರುವುದು ನನಗೆ ಹೊಳೆಯಬೇಕಿತ್ತು.

---

ನಂಬಿಕೆ! ನಾಲ್ಕು ಬಾಗಿಲಿಗೆ ಒಂದಾದರೂ ಕನ್ನಡ ಪದ ಬಂತು. ಇನ್ನು ಆ 'ಸಮರ್ಥನೆ'...