ಗಾಳಿ ಎದ್ದಾಗ ಬರುವ ಧೂಳು: ಆಸ್ಟ್ರೇಲಿಯಾದ ಗಣಿ ಊರು ಬ್ರೋಕನ್ ಹಿಲ್‌ನ ಕನ್ನಡ ಮನೆಗಳವರೆಲ್ಲ ದಯವಿಟ್ಟು ಓದಿ

ಬೆರಿಲ್ ಸ್ಟ್ರೀಟ್ ಮನೆ:
ಎಲ್ಲರಿಗೂ ನಮಸ್ಕಾರ. ಮೊನ್ನೆಯ ಗಾಳಿಗೆ ಎಲ್ಲರ ಮನೆಯ ಕಿಟಕಿ ಸಂದಿಯಲ್ಲೂ ಸೀಸದ ಗಣಿಯ ಧೂಳು ತುಂಬಿದೆ. ನಮ್ಮ ಗುಂಪಿನಲ್ಲಿ ಐದು ವರ್ಷದೊಳಗಿನ ಮಕ್ಕಳು ಜಾಸ್ತಿ. ಅವರ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸೋಣ. ಹಿತ್ತಲಿನ ಮಣ್ಣನ್ನೂ ಪರೀಕ್ಷೆಗೆ ಕೊಡೋಣ. ಏನಂತೀರಿ?

ಕ್ರಿಸ್ಟಲ್ ಸ್ಟ್ರೀಟ್ ಮನೆ:
ಅಕ್ಕಾ, ಸುಮ್ನೆ ಗಾಬರಿ ಆಗೋದು ಬೇಡ ಅಲ್ವಾ? ಈ ಊರು ಇರುವುದೇ ಅದಿರಿನ ಮೇಲೆ. ಇಲ್ಲಿನ ಮಣ್ಣಲ್ಲಿ ಸೀಸ ಮೊದಲಿಂದಲೂ ಇದ್ದದ್ದೇ ಅಂತ ಪಕ್ಕದ ಮನೆಯ ಅಜ್ಜ ಹೇಳುತ್ತಾರೆ.

ಬೆರಿಲ್ ಸ್ಟ್ರೀಟ್ ಮನೆ:
ಈ ಮಾತು ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ಅದರಲ್ಲಿ ಅರ್ಧ ಮಾತ್ರ ನಿಜ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಈ ಅದಿರು ಸುಮಾರು 169 ಕೋಟಿ ವರ್ಷ ಹಳೆಯದು. ನೀರಿನಡಿ ಮರಳು, ಕೆಸರು ಪದರ ಪದರವಾಗಿ ಕೂರುತ್ತಿದ್ದ ಕಾಲದಲ್ಲಿ ಸೀಸ, ಸತು, ಬೆಳ್ಳಿ ಅದರೊಳಗೆ ಸೇರಿಕೊಂಡವು. ಆಮೇಲೆ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಎಲ್ಲವೂ ಮಡಚಿಕೊಂಡು ಹೊಸ ಕಲ್ಲಾಯಿತು. ಈಗ ಸಿಗುವ ಗಲೀನಾ (ಸೀಸದ ಅದಿರು), ಸ್ಫಾಲರೈಟ್ (ಸತುವಿನ ಅದಿರು), ಅವುಗಳ ಜೊತೆಗಿನ ಕೆಂಪು ಗಾರ್ನೆಟ್ ಎಲ್ಲ ಹಾಗೆ ಆದವು. ಅದಿರಿನ ಸಾಲು ಏಳು ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಅದರ ಬಹುಪಾಲು ನೆಲದಡಿಯಲ್ಲೇ ಇತ್ತು. ಮೇಲೆ ಕಾಣುತ್ತಿದ್ದದ್ದು ಕಪ್ಪು ಬೋಳು ಗುಡ್ಡದ ನೆತ್ತಿ ಮಾತ್ರ.

1883ರಲ್ಲಿ ಚಾರ್ಲ್ಸ್ ರಾಸ್ಪ್ ಅದನ್ನು ತವರದ ಅದಿರು ಅಂದುಕೊಂಡ. ಅವನು ಕುರಿ ಫಾರ್ಮಿನ ಬೇಲಿ ಕಾಯುವ ಕೆಲಸದವನು. ಏಳು ಜನ ಸೇರಿ ಜಾಗ ಗುರುತು ಹಾಕಿಕೊಂಡರು. 1885ರಲ್ಲಿ ಬಿಎಚ್‌ಪಿ (ಬ್ರೋಕನ್ ಹಿಲ್ ಪ್ರೊಪ್ರೈಟರಿ) ಗಣಿ ಕಂಪನಿ ಹುಟ್ಟಿತು. ಮೊದಲು ತೆಗೆದದ್ದು ಗಾಳಿ ನೀರಿಗೆ ಸವೆದ ಮೇಲ್ಪದರದ ಅದಿರು. ಅದರಲ್ಲಿದ್ದದ್ದು ಸೀಸದ ಕಾರ್ಬೊನೇಟ್. ಹೊಟ್ಟೆಯ ಆಮ್ಲದಲ್ಲಿ ಗಲೀನಾಗಿಂತ ಬೇಗ ಕರಗುತ್ತದೆ. ಅದಿರನ್ನು ಕರಗಿಸುವ ಕುಲುಮೆಗಳೂ ಆಗ ಊರಲ್ಲೇ ಇದ್ದವು. ಕಾರ್ಮಿಕರಿಗೆ ಸೀಸದ ವಿಷ ಏರಿತು. 1890ರ ದಶಕದ ಆರಂಭದಲ್ಲೇ ಸರ್ಕಾರ ವಿಚಾರಣೆ ನಡೆಸಬೇಕಾಯಿತು. ಆ ದಶಕದ ಕೊನೆಗೆ ಕರಗಿಸುವ ಕೆಲಸ ದಕ್ಷಿಣ ಆಸ್ಟ್ರೇಲಿಯಾದ ಬಂದರು ಊರು ಪೋರ್ಟ್ ಪಿರಿಗೆ ಹೋಯಿತು. ಊರಲ್ಲಿ ಬಿದ್ದ ಧೂಳು ಮಾತ್ರ ಇಲ್ಲೇ ಉಳಿಯಿತು. ಕುಲುಮೆಗೂ ಗಣಿಗೂ ಅಂತ ಸುತ್ತಲ ಮರ ಕಡಿದು, ಕುರಿ ಮೇಯಿಸಿ ನೆಲ ಬೋಳಾಗಿತ್ತು. 1936ರಿಂದ ಇದೇ ಊರಿನ ಸಸ್ಯಪ್ರೇಮಿ ಆಲ್ಬರ್ಟ್ ಮಾರಿಸ್ ಬೇಲಿ ಹಾಕಿಸಿ ಗಿಡ ಬೆಳೆಸದಿದ್ದರೆ ಈ ಊರಿನ ಗತಿ ಏನಾಗುತ್ತಿತ್ತೋ. ನನಗೆ ಅವರ ಮೇಲೆ ತುಂಬಾ ಗೌರವ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಸೀಸ ಮೊದಲಿಂದಲೂ ನೆಲದಲ್ಲೇ ಇದ್ದಿದ್ದರೆ ಆಳದ ಮಣ್ಣಲ್ಲೂ ಅಷ್ಟೇ ಇರಬೇಕಿತ್ತು. ಹಾಗಿಲ್ಲ. ಮೇಲ್ಮಣ್ಣಲ್ಲೇ ಜಾಸ್ತಿ, ಗಣಿಯಿಂದ ದೂರ ಹೋದಷ್ಟೂ ಕಡಿಮೆ. ಅಂದರೆ ಇದು ಮೇಲಿಂದ ಬಂದು ಬಿದ್ದದ್ದು. ಬಿದ್ದದ್ದನ್ನು ತೆಗೆಯಬಹುದು, ತಡೆಯಬಹುದು. ನಾನು ಇಷ್ಟು ಹಟ ಹಿಡಿಯುವುದು ಅದಕ್ಕೇ.

ಕ್ರಿಸ್ಟಲ್ ಸ್ಟ್ರೀಟ್ ಮನೆ:
ಆಳದ ಮಣ್ಣಿನ ವಿಷಯ ಗೊತ್ತಿರಲಿಲ್ಲ ಅಕ್ಕಾ. ನಮ್ಮ ಮನೆ ಗಣಿ ಗುಡ್ಡೆಗೆ ತೀರಾ ಹತ್ತಿರ. ಪುಟ್ಟಿ ದಿನವೂ ಮಣ್ಣಲ್ಲೇ ಆಡುತ್ತಾಳೆ. ನಮ್ಮ ಹೆಸರನ್ನೂ ಸೇರಿಸಿ.

ಗಲೀನಾ ಸ್ಟ್ರೀಟ್ ಮನೆ:
ನಾನು ಕೆಜಿಎಫ್‌ನವನು. ಅಲ್ಲಿ ಗಣಿ 2001ರಲ್ಲಿ ನಿಂತರೂ ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ಗುಡ್ಡೆಗಳ ಧೂಳು ನಿಲ್ಲಲಿಲ್ಲ. ಗಾಳಿ ಬಂದರೆ ಮನೆಯೊಳಗೇ ಬರುತ್ತಿತ್ತು. ಯಾರೂ ಒಟ್ಟಾಗಿ ಕೇಳಲಿಲ್ಲ ಅನ್ನುವ ಕೊರಗು ನಮ್ಮ ತಂದೆಗೆ ಕೊನೆವರೆಗೂ ಇತ್ತು. ನಾನು ಕಾರು ತರುತ್ತೇನೆ, ಯಾರು ಬೇಕಾದರೂ ಬನ್ನಿ.

ಕ್ಲೋರೈಡ್ ಸ್ಟ್ರೀಟ್ ಮನೆ:
ಹಿತ್ತಲಲ್ಲಿ ಮೆಂತ್ಯ, ದಂಟು ಹಾಕಿದ್ದೇನೆ. ಕಿತ್ತುಹಾಕಬೇಕಾ? ಮಳೆನೀರಿನ ಟ್ಯಾಂಕ್ ಕೂಡ ಇದೆ.

ಬೆರಿಲ್ ಸ್ಟ್ರೀಟ್ ಮನೆ:
ಮಣ್ಣಿನ ಪರೀಕ್ಷೆ ಆಗುವವರೆಗೆ ಆ ಸೊಪ್ಪು ಬೇಡಮ್ಮ. ಹೊರಗಿನ ಒಳ್ಳೆಯ ಮಣ್ಣು ತಂದು ಎತ್ತರದ ಪೆಟ್ಟಿಗೆಗಳಲ್ಲಿ ಹಾಕಿ, ಬೆಳೆದದ್ದನ್ನು ಚೆನ್ನಾಗಿ ತೊಳೆಯಿರಿ. ಟ್ಯಾಂಕ್ ನೀರನ್ನು ಕುಡಿಯಲೂ ಅಡುಗೆಗೂ ಬಳಸಬೇಡಿ. ಚಾವಣಿ ಮೇಲಿನ ಧೂಳೆಲ್ಲ ಅದರಲ್ಲೇ ಇಳಿಯುತ್ತದೆ. ಒಣ ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಮನೆಯ ಸೀಲಿಂಗ್ ಒಡೆಸುವ ಮುಂಚೆ ಇಲ್ಲಿ ಕೇಳಿ, ಅದರ ಮೇಲೆ ಎಷ್ಟೋ ದಶಕಗಳ ಧೂಳು ಕೂತಿರುತ್ತದೆ. ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಆಡಲು ಬಿಡಬೇಡಿ, ಆಗ ಸೀಸ ಬೇಗ ಮೈಗೆ ಸೇರುತ್ತದೆ. ಕ್ಯಾಲ್ಸಿಯಂ, ಕಬ್ಬಿಣ ಸಾಕಷ್ಟಿದ್ದರೆ ಕಡಿಮೆ ಸೇರುತ್ತದೆ. ಬೆಳಿಗ್ಗೆ ರಾಗಿ ಗಂಜಿ ಕೊಡಿ.

ಪರೀಕ್ಷೆಗೆ ಬೆರಳಿಂದ ಒಂದು ಹನಿ ರಕ್ತ ಸಾಕು. ಚಿಕ್ಕ ಮಕ್ಕಳಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು.

ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ. ಬರುವವರು ಮಗುವಿನ ವಯಸ್ಸು, ಮನೆ ಎಷ್ಟು ಹಳೆಯದು ಅನ್ನುವುದನ್ನು ಇಲ್ಲೇ ಬರೆಯಿರಿ. ಅಪಾಯಿಂಟ್‌ಮೆಂಟ್ ನಾನು ಕೇಳುತ್ತೇನೆ. ಮಣ್ಣಿನ ಚೀಲಗಳನ್ನು ಗಲೀನಾ ಸ್ಟ್ರೀಟ್ ಅಣ್ಣ ಒಟ್ಟು ಮಾಡಲಿ.

ಗಲೀನಾ ಸ್ಟ್ರೀಟ್ ಮನೆ:
ಆಯ್ತಮ್ಮ. ಚೀಲದ ಮೇಲೆ ಮನೆ ನಂಬರ್, ಮಣ್ಣು ತೆಗೆದ ಜಾಗ ಎರಡನ್ನೂ ಬರೆದು ಕೊಡಿ ಎಲ್ಲರೂ.